ಶನಿವಾರದ ಒಂದು ಹಾಳೆ: ನಮ್ಮ ಶಾಲೆಯ ವಾರಪತ್ರ ಮನೆ ಮುಟ್ಟಿದ ಕಥೆ

2025ರ ಏಪ್ರಿಲ್ 5ರ ಶನಿವಾರ ಆ ಶಾಲಾ ವರ್ಷದ ಕೊನೆಯ ವಾರಪತ್ರವನ್ನು, ಅಂದರೆ ವಾರದಲ್ಲಿ ಕಲಿತದ್ದನ್ನು ಮನೆಗೆ ತಿಳಿಸುವ ಹಾಳೆಯನ್ನು, ಮಕ್ಕಳ ಕೈಗೆ ಕೊಟ್ಟು ಕಳಿಸಿದೆ. ಅದು 28ನೆಯದು. ಆಗಸ್ಟಿನಲ್ಲಿ ಮೊದಲನೆಯದು ಹೋದಾಗ ನಾಲ್ಕು ವಾರ ನಡೆದರೆ ದೊಡ್ಡದು ಅಂದುಕೊಂಡಿದ್ದೆ. ಪಕ್ಕದ ಕ್ಲಸ್ಟರಿನ (ಶಾಲೆಗಳ ಗುಂಪಿನ) ಇಬ್ಬರು ಶಿಕ್ಷಕಿಯರು ತಮ್ಮ ಶಾಲೆಯಲ್ಲೂ ಶುರು ಮಾಡಬೇಕೆಂದಿದ್ದಾರೆ, ಹೇಗೆ ಮಾಡಿದಿರಿ ಎಂದು ಕೇಳುತ್ತಿದ್ದಾರೆ. ಫೋನಿನಲ್ಲಿ ಹೇಳಲು ಹೋದರೆ ಅರ್ಧ ಬಿಟ್ಟುಹೋಗುತ್ತದೆ. ನಾನು ಎಡವಿದ ಜಾಗದಲ್ಲಿ ಅವರು ಎಡವಬಾರದೆಂದು ಕುಳಿತು ಬರೆಯುತ್ತಿದ್ದೇನೆ.

ನಮ್ಮದು ಹಾವೇರಿ ಜಿಲ್ಲೆಯ ಒಂದು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆ. ಒಂದರಿಂದ ಐದನೇ ತರಗತಿ, ಇಬ್ಬರು ಶಿಕ್ಷಕರು. ಒಂದರಿಂದ ಮೂರರವರೆಗಿನ ನಲಿ-ಕಲಿ, ಅಂದರೆ ಕಾರ್ಡು ಮತ್ತು ಚಟುವಟಿಕೆಗಳಿಂದ ಕಲಿಸುವ ತರಗತಿ, ನನ್ನದು, ನಾಲ್ಕು ಮತ್ತು ಐದು ಹೆಡ್ ಮಾಸ್ತರರದು. ಸುತ್ತ ಗೋವಿನಜೋಳ, ಹತ್ತಿ. ಊರಿಗೆ ಹತ್ತಿಕೊಂಡಂತೆ ಒಂದು ಲಂಬಾಣಿ ತಾಂಡಾ ಇದೆ, ಅಲ್ಲಿಂದಲೂ ಆರು ಮಕ್ಕಳು ಬರುತ್ತಾರೆ.

2024ರ ಜೂನ್ ಮೊದಲ ವಾರ ಇಬ್ಬರು ಮಕ್ಕಳ ಟಿಸಿ ಬರೆದುಕೊಟ್ಟೆವು. ಇಬ್ಬರೂ ವ್ಯಾನ್ ಬರುವ ಇಂಗ್ಲಿಷ್ ಮೀಡಿಯಂ ಶಾಲೆಗೆ ಹೋದರು. ಒಬ್ಬ ಹುಡುಗನ ತಂದೆ ಸಹಿ ಮಾಡುತ್ತಾ ಹೇಳಿದ್ದು ಇವತ್ತಿಗೂ ಕಿವಿಯಲ್ಲಿದೆ.

"ಅಕ್ಕೋರ, ನೀವು ಚಲೋ ಕಲಸ್ತೀರಿ, ಅದಕ್ಕೇನೂ ಅನ್ನೂದಿಲ್ಲ. ಆದ್ರ ನಮ್ಮ ಹುಡುಗ ಮನಿಗೆ ಬಂದು ಪುಸ್ತಕಾನ ತಗಿಯೂದಿಲ್ಲ. ಏನ್ ಕಲ್ತಿ ಅಂದ್ರ ಕಾರ್ಡ್ ಆಡಿದ್ವಿ ಅಂತಾನ. ಎರಡು ವರ್ಷಾತು, ಅ ಆ ಇ ಈ ಒಂದ್ಸಲ ಹೇಳಿದ್ದು ನಾ ಕೇಳಿಲ್ಲ."

ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ನಲಿ-ಕಲಿ 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಶುರುವಾಗಿ 2009-10ರ ಹೊತ್ತಿಗೆ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಬಂತು. ಅದರಲ್ಲಿ ಪಾಠ ಪುಸ್ತಕದ ಪುಟದಂತೆ ಸಾಗುವುದಿಲ್ಲ. ಕಲಿಕಾ ಏಣಿ ಎಂಬ ಚಾರ್ಟಿನಲ್ಲಿ ಪ್ರತಿ ಮಗುವೂ ತನ್ನ ಮೆಟ್ಟಿಲಲ್ಲಿ ಇರುತ್ತದೆ. ಯಾವ ಮೆಟ್ಟಿಲಿಗೆ ಯಾವ ಚಿತ್ರದ ಕಾರ್ಡು, ಆ ಕಾರ್ಡಿಗೆ ಯಾವ ಗುಂಪಿನಲ್ಲಿ ಕೂರಬೇಕು ಎಂಬುದು ತರಗತಿಯ ಒಳಗಿದ್ದವರಿಗೆ ಮಾತ್ರ ಗೊತ್ತು. ಅಕ್ಷರವೂ ಅ ಆ ಇ ಈ ಕ್ರಮದಲ್ಲಿ ಬರುವುದಿಲ್ಲ. ರ ಗ ಸ ದ ಅ ಎಂದು ಶುರುವಾಗುತ್ತದೆ. ಇದನ್ನು ನಾವು ತಂದೆತಾಯಿಗಳಿಗೆ ಕೂರಿಸಿ ಹೇಳಿದ್ದು ಯಾವಾಗ? ಹೇಳಿಯೇ ಇರಲಿಲ್ಲ. ಆ ರಾತ್ರಿ ನಿದ್ದೆ ಬರಲಿಲ್ಲ.

ಮೊದಲು ಗೋಡೆಪತ್ರಿಕೆ ಮಾಡೋಣ ಎಂದೆ. ಅದಕ್ಕೆ ಯಾರ ಅನುಮತಿಯೂ ಬೇಡ. ಜೂನ್ ಕೊನೆಗೆ ಪಡಸಾಲೆಯ ಗೋಡೆಗೆ ಚಾರ್ಟ್ ಅಂಟಿಸಿದೆವು. ಮಣ್ಣೆತ್ತಿನ ಅಮಾವಾಸ್ಯೆಯ ವಾರ ಮಕ್ಕಳು ಕೆರೆಯಂಗಳದ ಜಿಗಟು ಮಣ್ಣು ತಂದು ಎತ್ತು ಮಾಡಿದರು. ಯಾರ ಎತ್ತು ಎಷ್ಟು ಗೇಣು ಎಂದು ಅಳೆದು ಬರೆದದ್ದೇ ಆ ವಾರದ ಗಣಿತ. ಚಾರ್ಟ್ ಚೆಂದವಾಗಿತ್ತು. ಆದರೆ ಜುಲೈ ಮಳೆಗೆ ಗೋಡೆ ಹಸಿಯಾಗಿ ಎರಡೇ ದಿನದಲ್ಲಿ ಉದುರಿತು. ಅದಕ್ಕಿಂತ ದೊಡ್ಡ ತೊಂದರೆ ಅಂದರೆ ನೋಡಬೇಕಾದವರು ಶಾಲೆಗೇ ಬರುತ್ತಿರಲಿಲ್ಲ. ಬಿತ್ತನೆಯ ಕಾಲ, ಬೆಳಕು ಹರಿಯುವ ಮೊದಲೇ ಹೊಲಕ್ಕೆ ಹೋದವರು ದೀಪ ಹಚ್ಚುವ ಹೊತ್ತಿಗೆ ಮನೆಗೆ. ಗೋಡೆ ಅವರ ಬಳಿ ಹೋಗುವಂತಿಲ್ಲ, ಹಾಳೆ ಹೋಗಬಹುದು ಅನಿಸಿತು.

ಹೆಡ್ ಮಾಸ್ತರರು ಒಪ್ಪಿದರು. ಆದರೆ ಮನೆಗೆ ಹೋಗುವ ಕಾಗದ ಅಂದ ಮೇಲೆ ಎಸ್‌ಡಿಎಂಸಿಯಲ್ಲಿ, ಅಂದರೆ ಪಾಲಕರಿರುವ ಶಾಲಾಭಿವೃದ್ಧಿ ಸಮಿತಿಯಲ್ಲಿ, ಠರಾವು ಆಗಲಿ ಎಂದರು. ಇಲ್ಲಿಂದ ಕಾಯುವಿಕೆ ಶುರು. ಮೊದಲ ಸಭೆಗೆ ನಾಲ್ಕೇ ಜನ ಬಂದರು, ಕೋರಂ ಇಲ್ಲ. ಎರಡನೆಯದರ ದಿನ ಮಳೆ ಬಿಟ್ಟಿತ್ತು, ಎಲ್ಲರೂ ಎಡೆಕುಂಟೆ ಹೊಡೆಯಲು ಹೋದರು. ಮೂರನೆಯದನ್ನು ರಾತ್ರಿ ಎಂಟಕ್ಕೆ ಅಧ್ಯಕ್ಷರ ಕಟ್ಟೆಯ ಮೇಲೆ ಕರೆದೆವು, ಒಂಬತ್ತು ಜನ ಬಂದರು. ನೀವೂ ಸಭೆಯನ್ನು ಜನರ ಹೊತ್ತಿಗೆ ಕರೆಯಿರಿ, ಶಾಲೆಯ ಹೊತ್ತಿಗೆ ಬೇಡ. ನಡಾವಳಿ ಪುಸ್ತಕದಲ್ಲಿ ಮೂರು ಸಂಗತಿ ಬರೆಸಿಕೊಂಡರೆ ಸಾಕು: ಪ್ರತಿ ಶನಿವಾರ ಕಲಿಕೆಯ ವಿವರ ಮನೆಗೆ ಕಳಿಸುವುದು, ಜೆರಾಕ್ಸ್ ಖರ್ಚು ಎಲ್ಲಿಂದ, ಮಕ್ಕಳ ಬಗ್ಗೆ ಯಾವುದನ್ನು ಬರೆಯಬಾರದು. ಮೂರನೆಯದನ್ನು ನಾವು ಬರೆಸಿರಲಿಲ್ಲ. ಅದರ ಬೆಲೆ ಆಮೇಲೆ ತೆತ್ತೆ.

ಠರಾವಿನ ಪ್ರತಿಯನ್ನು ಮೇಲಿನ ಕಚೇರಿಗೆ ಕೊಟ್ಟಾಗ ಮತ್ತೊಂದು ತಡೆ ಎದುರಾಯಿತು. ನಾನು ಶೀರ್ಷಿಕೆಯಲ್ಲಿ 'ವಾರಪತ್ರಿಕೆ' ಎಂದು ಬರೆದಿದ್ದೆ. ಪತ್ರಿಕೆ ಅಂದರೆ ನೋಂದಣಿ ಬೇಕಾಗುತ್ತದೋ ಏನೋ, ಕೇಳಿ ಹೇಳುತ್ತೇವೆ ಎಂದರು. ಒಂದು ವಾರ ಹೋಯಿತು, ಎರಡು ಹೋಯಿತು. ಎರಡು ಸಲ ಶಾಲೆ ಬಿಟ್ಟ ಮೇಲೆ ಬಸ್ ಹಿಡಿದು ಹೋಗಿ ಬೆಂಚಿನ ಮೇಲೆ ಕುಳಿತು ಬಂದೆ. ಶಕ್ತಿ ಯೋಜನೆಯಿಂದ ಬಸ್ಸಿನ ದುಡ್ಡು ಉಳಿಯಿತು, ಹೊತ್ತು ಉಳಿಯಲಿಲ್ಲ. ಎರಡನೇ ಸಲ ಅಲ್ಲಿದ್ದ ಹಿರಿಯ ಗುಮಾಸ್ತರೊಬ್ಬರು ಅರ್ಜಿ ನೋಡಿ, "ಮೇಡಮ್, ಪತ್ರಿಕೆ ತೆಗೆದು ಪತ್ರ ಅಂತ ಬರೀರಿ. ಶಾಲೆಯಿಂದ ಪಾಲಕರಿಗೆ ಪತ್ರ ಬರೆಯೋಕೆ ಯಾರ ಪರ್ಮಿಷನ್ ಬೇಕು?" ಎಂದರು. ಅಲ್ಲೇ ಹೊಸ ಹಾಳೆಯಲ್ಲಿ 'ವಾರಪತ್ರ' ಎಂದು ಬರೆದುಕೊಟ್ಟೆ. ಮರುದಿನವೇ ಸ್ವೀಕೃತಿ ಮುದ್ರೆ ಬಿತ್ತು. ನೀವು ಮೊದಲೇ ಹೀಗೆ ಬರೆಯಿರಿ, ಸ್ವೀಕೃತಿ ಪ್ರತಿಯನ್ನು ಕಡತದಲ್ಲಿ ಇಟ್ಟುಕೊಳ್ಳಿ.

ಮೊದಲ ಹಾಳೆ ಹೋದದ್ದು ಆಗಸ್ಟ್ 17ರ ಶನಿವಾರ. ಎರಡೂ ಬದಿ ತುಂಬಿ ಬರೆದಿದ್ದೆ. ನಲಿ-ಕಲಿಯ ಉದ್ದೇಶ, ಸಾಮರ್ಥ್ಯಗಳು, ಮೈಲಿಗಲ್ಲುಗಳು ಎಲ್ಲ ಇದ್ದವು. ಸೋಮವಾರ ಮಕ್ಕಳನ್ನು ಕೇಳಿದೆ, ಮನೆಯಲ್ಲಿ ಓದಿದರಾ ಎಂದು. ಒಬ್ಬಳು ಎದ್ದು, "ನಮ್ಮವ್ವ ಅದರಾಗ ಒಗ್ಗರಣಿ ಸಾಮಾನ ಕಟ್ಟ್ಯಾಳ್ರೀ" ಎಂದಳು. ಮೂರು ತಾಸು ಕುಳಿತು ಬರೆದದ್ದು. ಗಂಟಲು ಕಟ್ಟಿತು. ಎರಡನೆಯದಕ್ಕೂ ಮೂರನೆಯದಕ್ಕೂ ಹೆಚ್ಚು ಕಡಿಮೆ ಅದೇ ಗತಿ.

ದಾರಿ ತೋರಿಸಿದ್ದು ಎರಡನೇ ತರಗತಿಯ ಒಂದು ಹುಡುಗಿ. ನಮ್ಮಲ್ಲಿ ಸೋಮವಾರ ಬೆಳಗ್ಗೆ ಹವಾಮಾನ ನಕ್ಷೆಯಲ್ಲಿ ಮೋಡವೋ ಬಿಸಿಲೋ ಗುರುತು ಮಾಡಿದ ಮೇಲೆ ಎಲ್ಲರೂ ದುಂಡಗೆ ಕುಳಿತು ಮನೆಯ ಸುದ್ದಿ ಹೇಳುತ್ತೇವೆ. ಆ ದಿನ ಅವಳು ಹೇಳುವ ಬದಲು ಪಾಟಿಯ ಮೇಲೆ ಬರೆದು ತೋರಿಸಿದಳು: "ನಮ್ಮ ಎಮ್ಮಿ ಈದೈತಿ. ಕರ ಕರ್ರಗೈತಿ. ಹಣಿಮ್ಯಾಲ ಬಿಳಿ ಚುಕ್ಕಿ ಐತಿ." ಅದಕ್ಕೂ ಹಿಂದಿನ ತಿಂಗಳವರೆಗೆ ಅವಳು ಒತ್ತಕ್ಷರದಲ್ಲಿ ನಿಂತಿದ್ದಳು. 'ಎಮ್ಮಿ'ಯ ಒತ್ತು, 'ಕರ್ರಗೆ'ಯ ಅರ್ಕಾವೊತ್ತಲ್ಲದ ಒತ್ತು, 'ಚುಕ್ಕಿ'ಯ ಒತ್ತು, ಮೂರನ್ನೂ ಸರಿಯಾಗಿ ಹಾಕಿದ್ದಳು. ಆ ಪಾಟಿಯನ್ನು ನೋಡಿಕೊಂಡು ಅವಳ ಅಕ್ಷರದಲ್ಲೇ ಹಾಳೆಯ ನಡುವೆ ಬರೆಸಿದೆ. ಪಕ್ಕದಲ್ಲಿ ಕರುವಿನ ಚಿತ್ರವನ್ನೂ ಅವಳೇ ಬಿಡಿಸಿದಳು.

ಆ ಶನಿವಾರ ಸಂಜೆ ಅವರ ಮನೆಯ ಮುಂದೆ ಹಾದು ಹೋಗುತ್ತಿದ್ದೆ. ಅಜ್ಜಿ ಕೂಗಿ ಕರೆದು ಒಳಗೆ ಕೂರಿಸಿದರು. ಅವರಿಗೆ ಓದು ಬರುವುದಿಲ್ಲ. ದೀಪದ ಮಾಡದಲ್ಲಿ ಎಣ್ಣೆ ತಾಕದಂತೆ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಇಟ್ಟಿದ್ದರು. ತೆಗೆದು ಬಿಚ್ಚಿ, ಕರುವಿನ ಚಿತ್ರದ ಮೇಲೆ ಬೆರಳಿಟ್ಟು, ಮೊಮ್ಮಗಳು ಓದಿದ್ದ ಮೂರು ಸಾಲನ್ನೂ ಒಂದಕ್ಷರ ಬಿಡದೆ ಹೇಳಿದರು. ಹೊರಡುವಾಗ ಒಂದು ಡಬ್ಬಿಯಲ್ಲಿ ಗಿಣ್ಣ ಕೊಟ್ಟರು.

ಅಲ್ಲಿಂದ ಹಾಳೆಯ ರೂಪವೇ ಬದಲಾಯಿತು. ಒಂದೇ ಬದಿ. ಮೇಲೆ ನಾಲ್ಕು ಸಾಲಿನಲ್ಲಿ ಈ ವಾರ ಕಲಿತದ್ದು, ನಡುವೆ ಮಕ್ಕಳ ಸುದ್ದಿ, ಕೆಳಗೆ ಮುಂದಿನ ವಾರ ಏನು ತರಬೇಕು, ಕೊನೆಗೆ ಮನೆಯವರು ಬರೆಯಲು ಎರಡು ಖಾಲಿ ಗೆರೆ. ಕಲಿತದ್ದನ್ನು ಬರೆಯುವಾಗ ಸಾಮರ್ಥ್ಯ, ಮೈಲಿಗಲ್ಲು ಎಂಬ ಮಾತು ಬಿಟ್ಟೆ. "ಒಂದನೇ ತರಗತಿಯವರಿಗೆ ಈಗ ರ ಗ ಸ ದ ಅ ಬರುತ್ತವೆ. ಈ ಐದೇ ಅಕ್ಷರದಲ್ಲಿ ಎಷ್ಟು ಮಾತು ಆಗುತ್ತವೆ ನಿಮ್ಮ ಮಗುವಿನಿಂದ ಬರೆಸಿ" ಎಂದು ಬರೆದ ವಾರ ಖಾಲಿ ಗೆರೆಗಳು ಮೊದಲ ಸಲ ತುಂಬಿ ಬಂದವು. ಅರಸ, ಅಗಸ, ಸರ, ದರ, ಗರಗಸ. ಒಬ್ಬ ತಂದೆ ಅಡಿಯಲ್ಲಿ, "ಈಗ ತಿಳೀತು, ಇವು ಬರಿಯಾಕ ಸಸಾರ ಅದಾವ, ಮಾತೂ ಲಗೂನ ಆಕ್ಕಾವ" ಎಂದು ಬರೆದಿದ್ದರು. ನಾನು ಎರಡು ಬದಿ ತುಂಬಿ ಹೇಳಲಾಗದ್ದನ್ನು ಅವರು ಒಂದು ಸಾಲಿನಲ್ಲಿ ಹೇಳಿಬಿಟ್ಟಿದ್ದರು.

ವಾರದ ನಡೆ ಹೀಗೆ ನಿಂತಿತು. ಸೋಮವಾರ ಸುದ್ದಿ. ಬುಧವಾರ ಹೊರಗೆ ಹೋಗುವುದು: ರಾಶಿ ಕಣ, ಕುಂಬಾರರ ಒಲೆ, ಹಾಲಿನ ಡೈರಿ. ಸಂತೆಯ ಮರುದಿನ ನಾಲ್ಕು-ಐದನೆಯವರು ಮನೆಯಲ್ಲಿ ಕೇಳಿಕೊಂಡು ಬಂದ ಧಾರಣೆ ಬರೆಯುತ್ತಾರೆ, ಉಳ್ಳಾಗಡ್ಡಿ ಎಷ್ಟು, ಟೊಮೇಟೊ ಎಷ್ಟು, ಹೋದ ವಾರಕ್ಕಿಂತ ಎಷ್ಟು ಹೆಚ್ಚು ಎಂದು. ಹಾಳೆಯಲ್ಲಿ ಗಂಡಸರು ಮೊದಲು ಓದುತ್ತಿದ್ದದ್ದು ಇದನ್ನೇ. ಶುಕ್ರವಾರ ಊಟದ ನಂತರ ಬರೆಯುವುದು, ಸಂಜೆ ನಾನು ಇಳಿಯುವ ಊರಿನಲ್ಲಿ ಜೆರಾಕ್ಸ್, ಶನಿವಾರ ಬೆಳಗಿನ ಶಾಲೆ ಬಿಡುವಾಗ ಹಂಚುವುದು. ತಿಂಗಳ ಮೂರನೇ ಶನಿವಾರ ಬ್ಯಾಗ್ ಇಲ್ಲದ ದಿನವಾದ್ದರಿಂದ ಹಾಳೆಯನ್ನು ಕೈಯಲ್ಲೇ ಹಿಡಿದು ಹೋಗಬೇಕು. ಆ ವಾರದ್ದು ದಾರಿಯಲ್ಲಿ ಸಿಕ್ಕವರೆಲ್ಲ ಓದಿರುತ್ತಾರೆ.

ಸೆಪ್ಟೆಂಬರ್ ಕೊನೆಗೆ ಶಾಲೆಯ ಊಟದ ಮೊಟ್ಟೆ ವಾರಕ್ಕೆ ಎರಡು ದಿನದಿಂದ ಆರು ದಿನಕ್ಕೆ ಏರಿದಾಗ ಅದೇ ದೊಡ್ಡ ಸುದ್ದಿ. ನಾಲ್ಕನೆಯವರು ಎಲ್ಲ 29 ಮಕ್ಕಳನ್ನೂ ಕೇಳಿ, ಮೊಟ್ಟೆ 19, ಬಾಳೆಹಣ್ಣು 7, ಚಿಕ್ಕಿ 3 ಎಂದು ಕಂಬದ ಚಿತ್ರ ಬರೆದರು. ಯಾರು ಯಾವುದನ್ನು ತಿನ್ನುತ್ತಾರೆಂಬ ಹೆಸರು ಹಾಕಬೇಡಿ ಎಂದು ಹೆಡ್ ಮಾಸ್ತರರು ಸಮಯಕ್ಕೆ ಎಚ್ಚರಿಸಿದರು. ಸಂಖ್ಯೆ ಸಾಕು. ಈ ಮಾತನ್ನು ನೀವೂ ಮರೆಯಬೇಡಿ.

ತಾಂಡಾದ ಮಕ್ಕಳು ಸುದ್ದಿ ಹೇಳಲು ಹಿಂಜರಿಯುತ್ತಿದ್ದರು. ಅವರಿಗಾಗಿ ಹಾಳೆಯ ಮೂಲೆಯಲ್ಲಿ 'ತಾಂಡಾದ ಮಾತು' ಎಂದು ಚಿಕ್ಕ ಚೌಕ ಮಾಡಿದೆವು. ಯಾಡಿ ಅಂದರೆ ಅವ್ವ, ಬಾಟಿ ಅಂದರೆ ರೊಟ್ಟಿ. ಊರಿನ ಮಕ್ಕಳು ಅದನ್ನು ಹೇಳಿಸಿಕೊಳ್ಳಲು ಅವರ ಸುತ್ತ ನಿಲ್ಲತೊಡಗಿದ ಮೇಲೆ ಮೂರನೆಯ ತರಗತಿಯ ಹುಡುಗನೊಬ್ಬ ಬಾಯಿ ಬಿಟ್ಟ. ಅವನ ತಂದೆ ಗೋವಾದಲ್ಲಿ ಗೌಂಡಿ ಕೆಲಸಕ್ಕಿದ್ದಾರೆ. ಹಾಳೆಯ ಫೋಟೊವನ್ನು ಅವರ ಫೋನಿಗೆ ಕಳಿಸಿದೆ. ರಾತ್ರಿ ಹತ್ತಕ್ಕೆ ವಾಯ್ಸ್ ಮೆಸೇಜ್ ಬಂತು. ಮಗ ಬರೆದದ್ದನ್ನು ಅವರು ತಡೆತಡೆದು ಓದುತ್ತಿದ್ದರು, ಹಿಂದೆ ನಾಲ್ಕೈದು ಜನ ನಗುತ್ತಾ ಕೇಳುತ್ತಿದ್ದರು.

ಭಾಷೆಯ ಬಗ್ಗೆಯೂ ಮಾತು ಬಂತು. ಶಾಲೆ ನೋಡಲು ಬಂದವರೊಬ್ಬರು 'ಈದೈತಿ' ಎಂಬುದಕ್ಕೆ ಕೆಂಪು ಗೆರೆ ಎಳೆದು, ತಪ್ಪು ಕನ್ನಡವನ್ನು ಮನೆಗೆ ಕಳಿಸುತ್ತೀರಾ ಎಂದರು. ಒಂದರಿಂದ ಮೂರನೆಯವರು ಆಡುವ ಮಾತನ್ನೇ ಬರೆಯಲಿ, ನಾಲ್ಕು-ಐದನೆಯವರು ಅದೇ ಸುದ್ದಿಯನ್ನು ಪುಸ್ತಕದ ಕನ್ನಡದಲ್ಲಿ ಪಕ್ಕಕ್ಕೆ ಬರೆಯಲಿ ಎಂದು ಆಮೇಲೆ ಗೊತ್ತುಮಾಡಿಕೊಂಡೆವು. ಎರಡೂ ಇದ್ದರೆ ಮಗುವಿಗೆ ಎರಡೂ ಬರುತ್ತವೆ. ಆದರೆ ಮಗು ಮೊದಲ ಸಲ ಬರೆದ ಸಾಲಿನ ಮೇಲೆ ಕೆಂಪು ಗೆರೆ ಎಳೆಯಲು ನಾನು ಒಪ್ಪುವುದಿಲ್ಲ. ಇದನ್ನು ಎಲ್ಲಿ ಬೇಕಾದರೂ ನಿಂತು ಹೇಳುತ್ತೇನೆ.

ಈಗ ನವೆಂಬರಿನ ಮಾತು. ಬರೆಯಲು ಕಷ್ಟ, ಆದರೆ ಬರೆಯಲೇಬೇಕು. ನಾಲ್ಕನೆಯ ತರಗತಿಯ ಹುಡುಗನೊಬ್ಬ ಸುದ್ದಿಯಲ್ಲಿ, "ನಮ್ಮ ಮನಿಗೆ ಸಂಘದವ್ರು ಬಂದಿದ್ರು. ಅವ್ವ ಹಿತ್ತಲಕ ಹೋಗಿದ್ಲು. ನಾನು ಅವ್ವ ಊರಾಗಿಲ್ಲ ಅಂದೆ" ಎಂದು ಬರೆದ. ಶುಕ್ರವಾರ ಹೊತ್ತಾಗಿತ್ತು, ಜೆರಾಕ್ಸ್ ಅಂಗಡಿ ಮುಚ್ಚುವ ಅವಸರ. ಅಕ್ಷರ ದುಂಡಗಿವೆ, ಸಾಲು ನೇರವಾಗಿವೆ ಎಂದಷ್ಟೇ ನೋಡಿದೆ. ಹಾಳೆ 22 ಮನೆಗೆ ಹೋಯಿತು.

ಸೋಮವಾರ ಪ್ರಾರ್ಥನೆಗೆ ಮೊದಲೇ ಅವನ ತಾಯಿ ಗೇಟಿನ ಬಳಿ ನಿಂತಿದ್ದರು. ಕೈಯಲ್ಲಿ ಹಾಳೆ. ಬೈಯಲಿಲ್ಲ. "ನನ್ನ ಮಗ ಬರದಿದ್ದು ಸುಳ್ಳಲ್ಲರೀ ಅಕ್ಕೋರ. ಆದ್ರ ಊರಿಗೆಲ್ಲ ಓದೂದು ಬ್ಯಾಡಾಗಿತ್ತು" ಎಂದು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಸಾಲದ ಕಂತಿನವರು ಬಂದದ್ದು ಅದು. ನಾನು ಓದಿಯೂ ಓದಿರಲಿಲ್ಲ. ಆ ಸಂಜೆ ಅವರ ಮನೆಗೆ ಹೋಗಿ ತಪ್ಪಾಯಿತೆಂದು ಹೇಳಿದೆ. ಉಳಿದ ಮನೆಗಳಿಗೂ ಹೋಗಿ ಹಾಳೆ ವಾಪಸ್ ತಂದೆ, ಹದಿನೇಳು ಸಿಕ್ಕವು. ಹುಡುಗ ಮಾತ್ರ ಸೋಮವಾರದ ದುಂಡಿನಲ್ಲಿ ತಲೆ ತಗ್ಗಿಸಿ ಕೂರುತ್ತಿದ್ದ. ವಾರಗಳು ಹೋದವು. ನನ್ನ ಮೇಲೆ ಸಿಟ್ಟಾಗಿದ್ದರೆ ಸಹಿಸಬಹುದಿತ್ತು. ಅವನು ತಾನೇ ತಪ್ಪು ಮಾಡಿದೆ ಎಂದುಕೊಂಡಿದ್ದ.

ಅದಾದ ಮೇಲೆ ಎರಡು ವಾರ ಹಾಳೆ ನಿಲ್ಲಿಸಿ ಎಸ್‌ಡಿಎಂಸಿಯಲ್ಲಿ ಬಿಟ್ಟಿದ್ದ ಮೂರನೆಯ ಸಂಗತಿಯನ್ನು ಬರೆಸಿದೆವು. ಸಾಲ, ಜಗಳ, ಕುಡಿತ, ಕಾಯಿಲೆ, ಜಾತಿ, ಅಂಕ ಇವು ಹಾಳೆಯಲ್ಲಿ ಬರುವುದಿಲ್ಲ. ಸುದ್ದಿಯನ್ನು ಮಗುವಿನ ಮುಂದೆ ಓದಿ, "ಇದನ್ನು ಮನೆಯಲ್ಲಿ ಕೇಳಿದ್ದೀಯಾ?" ಎಂದು ಕೇಳದೆ ಬರೆಸುವುದಿಲ್ಲ. ಹೆಸರು ಮತ್ತು ತರಗತಿ ಮಾತ್ರ. ಅಪ್ಪನ ಹೆಸರು, ಫೋನ್ ನಂಬರ್, ಸ್ಯಾಟ್ಸ್ ನಂಬರ್ (ಇಲಾಖೆಯ ದಾಖಲೆಯಲ್ಲಿ ಮಗುವಿನ ಗುರುತಿನ ಸಂಖ್ಯೆ) ಯಾವುದೂ ಬೇಡ. ಮಕ್ಕಳ ಫೋಟೊ ಹಾಕುವುದಿಲ್ಲ, ಚಿತ್ರ ಬಿಡಿಸಿದರೆ ಆಯಿತು. ಇನ್ನು ಮಗು ಭಾರವಾದ ಸುದ್ದಿ ಹೇಳಿದರೆ ಅದು ಹಾಳೆಗೆ ಬರುವುದಿಲ್ಲ, ಆದರೆ ನಾವು ಕೇಳಿಸಿಕೊಂಡು ಸುಮ್ಮನಿರುವಂತೆಯೂ ಇಲ್ಲ. ಆ ಮನೆಗೆ ಹೋಗಿ ಬರಬೇಕು. ಶುಕ್ರವಾರದ ಅವಸರವೇ ನನ್ನನ್ನು ಕೆಡಿಸಿತು. ಹಾಗಾಗಿ ಗುರುವಾರಕ್ಕೇ ಸುದ್ದಿ ಮುಗಿಸಿ ಹೆಡ್ ಮಾಸ್ತರರಿಗೆ ಒಮ್ಮೆ ಓದಲು ಕೊಡುತ್ತೇನೆ. ಎರಡು ಕಣ್ಣು ತಪ್ಪಿಸಿದ್ದನ್ನು ನಾಲ್ಕು ಕಣ್ಣು ಹಿಡಿಯುತ್ತವೆ.

ಖರ್ಚು ಕೇಳಿದ್ದೀರಿ. 29 ಮಕ್ಕಳಾದರೂ ಮನೆ 22, ಅಣ್ಣತಮ್ಮಂದಿರಿಗೆ ಒಂದೇ ಹಾಳೆ. ಮೊದಲ ಆರು ವಾರ ಎರಡು ಬದಿ ಜೆರಾಕ್ಸಿಗೆ 3 ರೂಪಾಯಿಯಂತೆ 396. ಆಮೇಲಿನ 22 ವಾರ ಒಂದು ಬದಿಗೆ 2 ರೂಪಾಯಿಯಂತೆ 968. ಗೋಡೆಗೆ ಹಾಕಿದ ಚಾರ್ಟ್ 340, ಸ್ಕೆಚ್ ಪೆನ್ 240. ಅಂಟಿಗೆ ಮನೆಯಲ್ಲಿ ಕಾಸಿದ ಮೈದಾ. ಒಟ್ಟು 1,944. ಚಾರ್ಟ್ ಮತ್ತು ಪೆನ್ನಿನ ಬಿಲ್ಲು ಇಟ್ಟಿದ್ದರಿಂದ ಶಾಲಾ ಅನುದಾನ ಬಂದಾಗ ಆ 580 ಸಿಕ್ಕಿತು. ಜೆರಾಕ್ಸ್ ಅಂಗಡಿಯಲ್ಲಿ ನಾನು ಬಿಲ್ಲು ಕೇಳಿರಲಿಲ್ಲ, ಆ 1,364 ಹಾಕಲು ಬರಲಿಲ್ಲ. ಎಸ್‌ಡಿಎಂಸಿ ಅಧ್ಯಕ್ಷರು 500 ಕೊಟ್ಟರು, ಉಳಿದದ್ದು ನನ್ನದು. ನೀವು ತಿಂಗಳಿಗೊಂದು ಬಿಲ್ಲು ಬರೆಸಿಕೊಳ್ಳಿ. ಬರೆಯಲು ಕಪ್ಪು ಪೆನ್ನನ್ನೇ ಬಳಸಿ. ಪೆನ್ಸಿಲ್ ಜೆರಾಕ್ಸಿನಲ್ಲಿ ಸರಿಯಾಗಿ ಮೂಡುವುದಿಲ್ಲ, ಮಕ್ಕಳು ಬಣ್ಣ ತುಂಬಿದರೆ ಕಪ್ಪು ಕಲೆಯಾಗುತ್ತದೆ. ಬಣ್ಣವನ್ನು ಹಾಳೆ ಕೈಗೆ ಬಂದ ಮೇಲೆ ತುಂಬಲಿ, ಅದನ್ನೇ ಭಾನುವಾರದ ಕೆಲಸ ಮಾಡಿ. ವಾಟ್ಸಾಪಿನಲ್ಲಿ ಹಾಕಿದರೆ ಸಾಲದೇ ಎಂದು ಹಲವರು ಕೇಳಿದರು. ನಮ್ಮಲ್ಲಿ ಹದಿಮೂರು ಮನೆಗೆ ಮಾತ್ರ ಆ ಫೋನು, ಅದೂ ಗಂಡಸರ ಕಿಸೆಯಲ್ಲಿ. ಹಾಳೆ ಅವ್ವ-ಅಜ್ಜಿಯರ ಕೈಗೆ ಸಿಗುತ್ತದೆ.

ಜನವರಿ, ಫೆಬ್ರವರಿ ಸುಮಾರಾಗಿ ನಡೆದವು. ತರಬೇತಿಗೆ ಹೋದ ಒಂದು ವಾರ ಹಾಳೆ ಇರಲಿಲ್ಲ, ನಾಲ್ಕು ಮನೆಯಿಂದ ಯಾಕೆ ಬರಲಿಲ್ಲವೆಂದು ಹೇಳಿಕಳಿಸಿದರು.

ಮಾರ್ಚ್ ಮೂರನೇ ವಾರ ಸೋಮವಾರದ ದುಂಡು ಮುಗಿಸಿ ಏಳುತ್ತಿದ್ದೆವು. ನಾಲ್ಕನೆಯ ತರಗತಿಯ ಆ ಹುಡುಗ ನನ್ನ ಮುಂದೆ ಬಂದು ನಿಂತ. ನೋಟ್‌ಬುಕ್ಕಿನಿಂದ ಹರಿದ ಅರ್ಧ ಹಾಳೆ ಮುಂದೆ ಹಿಡಿದ. "ನಮ್ಮ ಮನೆಯ ಹುಣಸೆಮರ ಬಡಿದೆವು. ಎರಡು ಚೀಲ ಹಣ್ಣು ಆಯಿತು. ಬೀಜ ತೆಗೆಯಲು ನಾನು, ಅವ್ವ, ಅಜ್ಜಿ ಮೂರು ದಿನ ಕುಳಿತೆವು. ಬೆರಳೆಲ್ಲ ಕಪ್ಪಾದವು" ಎಂದು ಪುಸ್ತಕದ ಕನ್ನಡದಲ್ಲಿ ಬರೆದಿದ್ದ. ನಾನು ಓದಿ ತಲೆ ಎತ್ತುವ ಮೊದಲೇ ಅವನೇ ಹೇಳಿದ:

"ಅವ್ವನ್ನ ಕೇಳೇನ್ರೀ. ಬರಿ ಅಂದಾಳ."

ಆ ವಾರ ಹಾಳೆಯಲ್ಲಿ ಮೊದಲ ಸುದ್ದಿ ಅದೇ. ಅವನ ಮನೆಯಿಂದ ವಾಪಸ್ ಬಂದ ಖಾಲಿ ಗೆರೆಯಲ್ಲಿ ಅವನ ತಾಯಿಯ ಸಹಿ ಇತ್ತು. ಕಾಗದದ ಅಂಚಿನಲ್ಲಿ ಹುಣಸೆಯ ಕಪ್ಪು ಬೆರಳಚ್ಚು ಮೂಡಿತ್ತು.

ಠರಾವಿನ ನಕಲು, ಹಾಳೆಯ ಮಾದರಿ ಬೇಕಾದವರು ಬನ್ನಿ, 28 ಹಾಳೆಯೂ ಕಡತದಲ್ಲಿವೆ. ವಾಪಸ್ ತಂದ ಆ ಹದಿನೇಳು ಮಾತ್ರ ಇಲ್ಲ. ಅವನ್ನು ಆ ತಾಯಿಯ ಎದುರಿಗೇ ಒಲೆಗೆ ಹಾಕಿದ್ದೇನೆ.